ಲಿಫ್ಟ್ ಗುಂಡಿಯಿಂದ ಬಂದ ದನಿ

ರಾಂಪುರ
3 ನವೆಂಬರ್ 2024

ಅಳಿಯ ಮಹಾಂತೇಶನಿಗೆ ಸೋದರಮಾವ ಚಿಕ್ಕೀರಪ್ಪ ಕುರಿ ರೊಪ್ಪದ ಕಟ್ಟೆಯ ಮೇಲೆ ಕೂತು ಬರೆಯುವ ಕಾಗದ.

ಇದನ್ನು ನಿನಗಿಂತ ಮೊದಲು ಜೈಲಿನ ಸಾಹೇಬರು ಒಡೆದು ಓದುತ್ತಾರೆಂದು ನಿಮ್ಮವ್ವ ಹೇಳಿದಳು. ಓದಲಿ. ಸಾಹೇಬರೇ, ನಮಸ್ಕಾರ. ಅಕ್ಷರ ದುಂಡಗಿದೆಯಲ್ಲವೇ? ನಾನು ಓದಿದ್ದು ಏಳನೇ ಕ್ಲಾಸು, ಅದೂ ಊರ ಶಾಲೆಯಲ್ಲಿ. ಆದರೆ ಶುದ್ಧ ಬರಹದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಕ್ಲಾಸಿನಲ್ಲಿ ನಾವು ನಾಲ್ಕೇ ಜನ ಇದ್ದೆವು ಎಂಬುದು ಬೇರೆ ಮಾತು.

ಈಗ ಸುದ್ದಿ ಕೇಳು. ನಿನ್ನ ಮಾವ ಸಿನಿಮಾದಲ್ಲಿ ಪಾರ್ಟು ಮಾಡುತ್ತಿದ್ದಾನೆ.

ಚಳ್ಳಕೆರೆಯಲ್ಲಿ ನಿಮ್ಮ ಬಾಡಿಗೆ ಮನೆ ಬಿಟ್ಟು ಎಣ್ಣೆ ಮಿಲ್ಲು ದಾಟಿದರೆ ಒಂದು ಅಪಾರ್ಟ್‌ಮೆಂಟು ಸಿಗುತ್ತದಲ್ಲ, ಐದು ಅಂತಸ್ತು ಎಬ್ಬಿಸಿ ಅರ್ಧಕ್ಕೇ ಬಿಟ್ಟುಹೋದದ್ದು? ಒಂದು ಮನೆಗೂ ಜನ ಬರಲಿಲ್ಲ. ಲಿಫ್ಟ್ ಕೂರಿಸಲಿಲ್ಲ. ಅದಕ್ಕೆಂದು ಬಿಟ್ಟ ಗುಂಡಿ ಮೇಲಿಂದ ಕೆಳಗಿನ ತನಕ ಬಾಯಿ ತೆರೆದುಕೊಂಡಿದೆ. ಬೆಂಗಳೂರಿನವರು ಅಲ್ಲಿ ದೆವ್ವದ ಸಿನಿಮಾ ತೆಗೆಯಲು ಬಂದಿದ್ದಾರೆ. ಅವರಲ್ಲಿ ಮೈಕು ಹಿಡಿಯುವ ಎರ್ರಿಸ್ವಾಮಿ ನಮ್ಮ ಮೊಳಕಾಲ್ಮೂರಿನ ಹುಡುಗ. ಅವನೇ ನನ್ನನ್ನು ಒಳಗೆ ಬಿಟ್ಟ. ಕಥೆ ಇಷ್ಟೇ: ಆ ಕಟ್ಟಡದ ಕೆಲವರು ಸತ್ತಿದ್ದಾರೆ, ಸತ್ತದ್ದು ಅವರಿಗೆ ಗೊತ್ತಿಲ್ಲ. ದಿನಾ ಸಂಜೆ ಮೆಟ್ಟಿಲು ಹತ್ತಿ ಬಂದು ತಮ್ಮ ಮನೆಯ ಬಾಗಿಲು ಬಡಿಯುತ್ತಾರೆ. ಒಳಗಿರುವ ಹೆಂಡತಿ ಮಕ್ಕಳು ತೆಗೆಯುವುದಿಲ್ಲ. ನಾನು ವಾಚ್‌ಮನ್. ನಾನೂ ಸತ್ತಿದ್ದೇನೆ. ಡೈರೆಕ್ಟರು ನನ್ನ ಮುಖ ನೋಡಿ, "ಮೇಕಪ್ಪೇ ಬೇಡ" ಎಂದರು. ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ.

ಎರ್ರಿಸ್ವಾಮಿಗೆ ದನಿ ತೆಗೆಯುವ ನನ್ನ ವಿದ್ಯೆ ತೋರಿಸಿದೆ. ಕುರಿ, ಕತ್ತೆ, ಪೊಲೀಸ್ ಜೀಪು, ಹೆಡ್‌ಮಾಸ್ತರ ಕೆಮ್ಮು. ನಿನ್ನ ದನಿಯನ್ನೂ ತೆಗೆದೆ. ನೀನು ಚಿಕ್ಕವನಿದ್ದಾಗ ನಾನು ಹಿತ್ತಿಲ ಗೋಡೆಯ ಹಿಂದೆ ನಿಂತು ನಿನ್ನ ದನಿಯಲ್ಲಿ "ಅವ್ವಾ, ಉಂಡೆ" ಎಂದು ಕೂಗಿದರೆ, ನಿಮ್ಮವ್ವ ಒಲೆಯ ಮುಂದಿನಿಂದ ಏಳದೆ ಕಿಟಕಿಯಲ್ಲಿ ಶೇಂಗಾ ಉಂಡೆ ಇಡುತ್ತಿದ್ದಳಲ್ಲ. ಅರ್ಧ ನಿನಗೆ, ಅರ್ಧ ನನಗೆ. ಒಂದು ದಿನವೂ ಅವಳಿಗೆ ಗೊತ್ತಾಗಲಿಲ್ಲ.

ನಿಮ್ಮವ್ವನನ್ನೂ ಅವರು ಕೇಳಿದ್ದಾರೆ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನಮ್ಮಕ್ಕ ಮೂಗಮ್ಮನನ್ನು ಬಿಟ್ಟರಿಲ್ಲ ಎಂದು ನಾನೇ ಹೇಳಿದೆ. ದೆವ್ವದ ಸಿನಿಮಾಕ್ಕೆ ಆ ಅಳು ಬೇಕಂತೆ. ಈ ತಿಂಗಳು ಉಂಡೆ ತೆಗೆದುಕೊಂಡು ನಿನ್ನ ಹತ್ತಿರ ಬಂದಾಗ ಅವಳೇ ಹೇಳುತ್ತಾಳೆ. ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿದವಳಲ್ಲ. ಇನ್ನು ಮೂರು ವರ್ಷ, ಲೇ. ಕಣ್ಣು ಮುಚ್ಚಿ ತೆಗೆದರೆ ಮನೆ.

ಇಷ್ಟು ಬರೆಯುವಷ್ಟರಲ್ಲಿ ಟಗರು ಬೇಲಿ ಹಾರಿತು,
ಚಿಕ್ಕೀರಪ್ಪ


ರಾಂಪುರ
24 ನವೆಂಬರ್ 2024

ಅಳಿಯನಿಗೆ,

ನಿಮ್ಮವ್ವನ ಕೆಲಸ ಮುಗಿಯಿತು. ಇಡೀ ಚಳ್ಳಕೆರೆ ಮಾತಾಡುತ್ತಿದೆ. ಇಡೀ ಅಂದರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿ.

ಮಧ್ಯಾಹ್ನ ಎರಡರ ಬಿಸಿಲಲ್ಲಿ ಅವಳನ್ನು ನಾಲ್ಕನೇ ಅಂತಸ್ತಿಗೆ ಹತ್ತಿಸಿ, ಲಿಫ್ಟ್ ಗುಂಡಿಯ ಪಕ್ಕ ಚಾಪೆ ಹಾಸಿ ಕೂರಿಸಿದರು. ಅಲ್ಲಿ ದನಿ ಗುಂಯ್ ಎನ್ನುತ್ತದಂತೆ. ಡೈರೆಕ್ಟರು, "ಅಮ್ಮಾ, ಅಳಿ" ಎಂದರು.

"ಯಾರು ಸತ್ತಿರಾದು?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ. ಸುಮ್ಮನೆ."

"ಸುಮ್ಮನೆ ಅಳಾಕೆ ನಂಗೆ ಬರಲ್ಲ ಸ್ವಾಮಿ. ಹೆಸರು ಬೇಕು. ಯಾರ ಮಗ, ಏನು ಉಣ್ತಿದ್ದ, ಯಾವ ಕೆಲಸ ಮಾಡ್ತಿದ್ದ, ಎಲ್ಲಾ ಬೇಕು. ಇಲ್ದಿದ್ರೆ ಏನಂತ ಹಾಡ್ಲಿ?"

ಸಿನಿಮಾದಲ್ಲಿ ಸತ್ತವಳ ಹೆಸರು ಸ್ವಪ್ನ ಎಂದರು. "ಆ ಹುಡುಗೀನ ನಾನು ನೋಡಿಲ್ಲ" ಎಂದಳು. ನಿಮ್ಮಪ್ಪನ ಹೆಸರಿನಲ್ಲಿ ಅಳು ಎಂದು ನಾನು ಹೇಳಿದರೆ, "ಅವರದು ಅತ್ತಾಗೈತೆ. ಒಬ್ಬರಿಗೆ ಒಂದೇ ಸಲ" ಎಂದಳು. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಲ್ಲ. ಹಾಡಿ ಅತ್ತ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಕೂಗುವಂತಿಲ್ಲ, ಇನ್ನೊಂದು ಕೂಸಿಗೆ ಇಡುವ ತನಕ. ಡೈರೆಕ್ಟರು ಗಡಿಯಾರ ನೋಡತೊಡಗಿದರು. ನನ್ನ ಮರ್ಯಾದೆ ಹೋಗುವ ಹಾಗಾಯಿತು. ಆಗ ನಾನು ಅವಳ ಕಿವಿಯಲ್ಲಿ ಏನೋ ಒಂದು ಮಾತು ಹೇಳಿದೆ. ಅಷ್ಟೇ. ಕಟ್ಟೆ ಒಡೆದ ಹಾಗೆ ಹಾಡಿಕೊಂಡು ಅತ್ತಳು. ಅವಳ ಪಾಲಿಗೆ ಮೈಕೂ ಇಲ್ಲ, ಡೈರೆಕ್ಟರೂ ಇಲ್ಲ. ಸಿನಿಮಾದ ಹುಡುಗಿಯರು ಕಣ್ಣೊರೆಸಿಕೊಂಡು ಮೇಕಪ್ಪು ಕೆಡಿಸಿಕೊಂಡರು. ಅದ್ಯಾರೋ ಹಳಬರ ಹೆಸರು ಹಿಡಿದು ಅತ್ತಳು, ನೀನು ಅವರನ್ನು ನೋಡಿಲ್ಲ.

ಇನ್ನೊಂದು ತಮಾಷೆ. ಅಳುವಿನ ನಡುವೆ ಗುಂಡಿಯ ಕೆಳಗಿನಿಂದ ಯಾರೋ ಓಗೊಟ್ಟರು. ಎರ್ರಿಸ್ವಾಮಿ ಕಿವಿಗೆ ಹಾಕಿಕೊಂಡದ್ದನ್ನು ಕಿತ್ತೆಸೆದು, "ಅಮ್ಮೋ, ಎವುರದಿ?" ಎಂದು ಮೂರು ಮೆಟ್ಟಿಲು ಒಂದೇ ಸಲ ಹಾರಿದ. ತಾನು ಬೆಂಗಳೂರಿನವನಾಗಿದ್ದೇನೆ ಅಂತಿದ್ದ, ಹೆದರಿದಾಗ ಯಾರದು ಎನ್ನಲೂ ಅವರವ್ವನ ತೆಲುಗೇ ಬಂತು. ಡೈರೆಕ್ಟರಿಗೆ ಮಾತ್ರ ಖುಷಿಯೋ ಖುಷಿ, ಹಾಗೇ ಇಟ್ಟುಕೊಳ್ಳುತ್ತಾರಂತೆ. ಯಾರು ಓಗೊಟ್ಟರೋ ಏನೋ, ದೇವರಿಗೇ ಗೊತ್ತು. ನಗು ತಡೆಯಲಾಗುತ್ತಿಲ್ಲ.

ಸ್ಟಾರ್ ಆಗಲಿರುವ ನಿನ್ನ ಮಾವ,
ಚಿಕ್ಕೀರಪ್ಪ


ಬಳ್ಳಾರಿ
9 ಜನವರಿ 2025

ಮಾವನಿಗೆ,

ಡಿಸೆಂಬರಿನಲ್ಲಿ ಅವ್ವ ಬರಲಿಲ್ಲ. ಈ ತಿಂಗಳೂ ಬರಲಿಲ್ಲ. ಭೇಟಿಯ ದಿನ ಹೆಸರು ಕರೆಯುವ ತನಕ ಸ್ನಾನ ಮಾಡಿ ಕಾದೆ.

ಇಲ್ಲಿಂದ ಫೋನು ಮಾಡಿದೆ. ಎತ್ತಿದಳು. "ಅವ್ವಾ, ನಾನು" ಎಂದೆ. ಉಸಿರಾಡುವುದು ಕೇಳಿಸುತ್ತಿತ್ತು. ಮಾತಾಡಲಿಲ್ಲ. ನನಗೆ ಕೊಟ್ಟ ಹೊತ್ತು ಮುಗಿಯುವ ತನಕ ಹಾಗೇ ಹಿಡಿದುಕೊಂಡಿದ್ದಳು.

ಅವಳಿಗೆ ಕಾಯಿಲೆಯಾ? ನನ್ನ ಮೇಲೆ ಸಿಟ್ಟಾ? ಯಾವುದಾದರೂ ಸರಿ, ನಿಜ ಬರೆ. ನಡತೆ ನೋಡಿ ವರ್ಷದೊಳಗೆ ಪೆರೋಲ್ ಕೊಡಬಹುದು ಎಂದಿದ್ದಾರೆ. ಹತ್ತು ದಿನ ಮನೆಗೆ ಬರಬಹುದು. ಅದನ್ನು ಅವಳಿಗೆ ನಾನೇ ಹೇಳಬೇಕೆಂದಿದ್ದೆ.

ಮಹಾಂತೇಶ


ರಾಂಪುರ
26 ಜನವರಿ 2025

ಅಳಿಯನಿಗೆ,

ಮಂಡಿ ನೋವು, ಲೇ. ಮಿಲ್ಲಿನಲ್ಲಿ ಕಡಲೆಕಾಯಿ ಆರಿಸಲು ಇಡೀ ದಿನ ಕುಕ್ಕರಗಾಲಲ್ಲಿ ಕೂತರೆ ಇನ್ನೇನಾಗುತ್ತದೆ? ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಫೋನು ಕೆಟ್ಟಿದೆ, ಅವಳ ಮಾತು ಆ ಕಡೆ ಕೇಳಿಸುವುದಿಲ್ಲ. ರಿಪೇರಿಗೆ ಕೊಟ್ಟಿದ್ದೇನೆ. ಯುಗಾದಿಗೆ ನಾನೇ ಹೆಗಲ ಮೇಲೆ ಹೊತ್ತುಕೊಂಡು ಬರುತ್ತೇನೆ.

ಶೂಟಿಂಗ್ ಮುಗಿಯಿತು. ಕಟ್ಟಡ ಮತ್ತೆ ಖಾಲಿ. ಮೊನ್ನೆ ಆ ದಾರಿಯಲ್ಲಿ ಬಂದೆ. ಒಳಗೆ ಹೋಗಲಿಲ್ಲ. ಕುರಿ ಕಾಯುವವನಿಗೆ ಅಪಾರ್ಟ್‌ಮೆಂಟಿನಲ್ಲಿ ಏನು ಕೆಲಸ?

ಪೆರೋಲ್ ಅರ್ಜಿ ಬಿಡಬೇಡ. ಅದನ್ನು ಮಾತ್ರ ಬಿಡಬೇಡ.

ಚಿಕ್ಕೀರಪ್ಪ


ಬಳ್ಳಾರಿ
2 ಆಗಸ್ಟ್ 2025

ಮಾವನಿಗೆ,

ಯುಗಾದಿ ಹೋಯಿತು. ನೀವಿಬ್ಬರೂ ಬರಲಿಲ್ಲ. ನನ್ನ ಎರಡು ಕಾಗದಕ್ಕೆ ಉತ್ತರವೂ ಬರಲಿಲ್ಲ.

ನಮ್ಮ ಬ್ಯಾರಕ್ಕಿಗೆ ತಳಕಿನ ಬೊಮ್ಮಲಿಂಗಪ್ಪ ಎಂಬವನು ಹೊಸದಾಗಿ ಬಂದಿದ್ದಾನೆ. ಒಳಗೆ ಬರುವ ಹಿಂದಿನ ವಾರ ಚಳ್ಳಕೆರೆಯ ಟಾಕೀಸಿನಲ್ಲಿ ನಿಮ್ಮ ಸಿನಿಮಾ ನೋಡಿದನಂತೆ. ಅದರಲ್ಲಿ ಒಬ್ಬ ಮುದುಕಿ ಅಳುತ್ತಾಳೆ, ಮೈ ಜುಮ್ಮೆನ್ನುತ್ತದೆ ಎಂದ. ನನಗೆ ಹೆಮ್ಮೆಯಾಯಿತು. ನಮ್ಮವ್ವನೇ ಎಂದೆ. ಹಾಡು ನೆನಪಿದೆಯಾ ಎಂದೆ. ಅವನು ಒಂದು ಸಾಲು ಹಾಡಿದ.

"ಚೀಲ ಹೊತ್ತ ಹೆಗಲಿಗೆ ಸೆರಗ ಹಾಸಲಿಲ್ವಲ್ಲೋ ನನ್ನಪ್ಪಾ, ಮಾರ್ಕೆಟ್ಟಿನ ಹಮಾಲಣ್ಣಾ, ಮಾಂತೇಶಾ."

ಬ್ಯಾರಕ್ಕಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ಅವರಿಗೆಲ್ಲ ಗೊತ್ತು.

ಮಾವ, ನಮ್ಮವ್ವ ಅತ್ತದ್ದು ಯಾರಿಗೆ?

ಮಹಾಂತೇಶ


ರಾಂಪುರ
11 ಆಗಸ್ಟ್ 2025

ಮಹಾಂತೇಶನಿಗೆ,

ನಿನಗೇ ಅತ್ತಳು.

ಈ ಮೂರು ದಿನದಲ್ಲಿ ನಾಲ್ಕು ಹಾಳೆ ಬರೆದು ಹರಿದೆ. ಎಲ್ಲದರಲ್ಲೂ ನಾನು ಒಳ್ಳೆಯವನಾಗಿ ಬರುತ್ತಿದ್ದೆ. ಇದರಲ್ಲಿ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಆವತ್ತು ಅವಳ ಕಿವಿಯಲ್ಲಿ ನಾನು ಹೇಳಿದ್ದು, "ಅಕ್ಕಾ, ನಿನ್ ಮಗ ಇವತ್ತು ಏನು ಉಂಡ್ನೋ" ಎಂದು. ಕಣ್ಣಲ್ಲಿ ನೀರು ಬರಲಿ ಎಂದಷ್ಟೇ. ಬಾಯಿಂದ ನಿನ್ನ ಹೆಸರೇ ಬರುತ್ತದೆಂದು ಎಣಿಸಿರಲಿಲ್ಲ. ಬಂದ ಮೇಲೆ ನಿಲ್ಲಿಸಬಹುದಿತ್ತು. ಡೈರೆಕ್ಟರು ಬೆರಳು ತುಟಿಗಿಟ್ಟುಕೊಂಡು ಕಣ್ಣರಳಿಸಿ ನೋಡುತ್ತಿದ್ದರು. ಕರೆತಂದವನು ನಾನು ಎಂಬ ಜಂಬ. ನಿಲ್ಲಿಸಲಿಲ್ಲ.

ಅವಳು ಅಳುತ್ತಿರುವಾಗಲೇ ಮೆಟ್ಟಿಲಿಳಿದು ಕೆಳಗೆ ಹೋದೆ. ಎರ್ರಿಸ್ವಾಮಿಯನ್ನು ಹೆದರಿಸೋಣ ಎನಿಸಿತು. ಲಿಫ್ಟ್ ಗುಂಡಿಯೊಳಗೆ ತಲೆ ಹಾಕಿ, ಮೇಲಿಂದ ಅವಳು ನಿನ್ನ ಹೆಸರು ಹಿಡಿದು ಕರೆದಾಗ, ನಿನ್ನ ದನಿಯಲ್ಲಿ "ಓ ಅವ್ವಾ" ಎಂದೆ.

ನಾನೇ, ಲೇ. ಹಿತ್ತಿಲ ಗೋಡೆಯ ಹಿಂದಿನ ಅದೇ ದನಿ.

ಅವಳು ಕೆಳಗಿಳಿದು ಬಂದು, "ಓಗೊಟ್ಟೋರು ಯಾರು ಚಿಕ್ಕೀರಾ?" ಎಂದು ಕೇಳಿದಳು. ಸುತ್ತ ಜನ ನಿಂತಿದ್ದರು, ಡೈರೆಕ್ಟರು ಹೊಗಳುತ್ತಿದ್ದರು. ನಾನು ಎಂದರೆ ಬೈಯುತ್ತಾರೆಂದು, "ಯಾರೋಪ್ಪ" ಎಂದು ನಕ್ಕೆ. ಡಿಸೆಂಬರಿನಲ್ಲಿ ಉಂಡೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ತನಕ ಹೋದವಳು ತಿರುಗಿ ಬಂದಳು. "ಸತ್ತೋರೇ ಅಲ್ವಾ ಓಗೊಡಾದು? ಹೆಸರು ಹಿಡ್ದು ಅತ್ತೂ ಆಯ್ತು. ಇನ್ನ ಅಲ್ಲಿಗೆ ಹೋಗಿ ಯಾರನ್ನ ನೋಡ್ಲಿ?" ಎಂದಳು. ಆಗ ಹೇಳಿದೆ, ಅದು ನಾನು ಎಂದು. ನನ್ನ ಮುಖವನ್ನೇ ನೋಡಿದಳು. "ಹುಟ್ಟಿದಾಗಿಂದ ಒಂದು ನಿಜ ಆಡಿದ್ದೀಯೇನೋ? ನನ್ನ ಸಮಾಧಾನಕ್ಕೆ ಇದೊಂದು ಸುಳ್ಳಾ?" ಎಂದಳು.

ತೋರಿಸುತ್ತೇನೆ ಎಂದು ಹಿತ್ತಿಲಿಗೆ ಹೋಗಿ ಗೋಡೆಯ ಹಿಂದೆ ನಿಂತು ಕೂಗಿದೆ. "ಅವ್ವಾ, ಉಂಡೆ." ಅರವತ್ತರ ಹತ್ತಿರ ಬಂದ ಗಂಟಲು, ಆದರೂ ದನಿ ಹಾಗೇ ಬಂತು. ಕಿಟಕಿ ತೆರೆಯಿತು. ಉಂಡೆ ಇಟ್ಟಳು. ಅದರ ಪಕ್ಕದಲ್ಲಿ ಒಂದು ಊದುಬತ್ತಿ ಹಚ್ಚಿಟ್ಟಳು.

ಆ ಉಂಡೆಯನ್ನು ಏನು ಮಾಡಲಿ ಎಂದು ತಿಳಿಯದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಜುಲೈಯಲ್ಲಿ ಸಿನಿಮಾ ಬಂತು. ನನ್ನ ಪಾರ್ಟು ನೋಡಿದರೆ ನಗುತ್ತಾಳೆ, ಎಲ್ಲಾ ಬಣ್ಣ ಬಳಿದ ಆಟ ಎಂದು ತಿಳಿಯುತ್ತಾಳೆ ಎಂದು ಕರೆದುಕೊಂಡು ಹೋದೆ. ಪರದೆಯ ಮೇಲೆ ನನ್ನದು ಪಾದ ಮಾತ್ರ ಬಂತು. ಎರಡು ಚಪ್ಪಲಿ ಮೆಟ್ಟಿಲು ಹತ್ತುತ್ತವೆ, ಅಷ್ಟೇ. ಬಾಗಿಲು ಬಡಿಯುವ ಸತ್ತವನಿಗೆ ಅವರು ನಿನ್ನ ಹೆಸರನ್ನೇ ಇಟ್ಟುಬಿಟ್ಟಿದ್ದರು, ಅಳುವಿಗೆ ಹೊಂದಲಿ ಎಂದು. ಅವಳ ಅಳು ಬಂತು. ಗುಂಡಿಯಿಂದ ದನಿ ಬಂತು.

ಒಂದು ಮಾತು ನಿನಗಲ್ಲದೆ ಯಾರಿಗೂ ಹೇಳಿಲ್ಲ. ನಾನು ಕೂಗಿದ್ದು ಒಂದೇ ಸಲ. ಟಾಕೀಸಿನಲ್ಲಿ ಅದು ಮೂರು ಸಲ ಬಂತು. ಎರ್ರಿಸ್ವಾಮಿಗೆ ಫೋನು ಮಾಡಿ ಕೇಳಿದೆ. "ನಾವು ಏನೂ ಸೇರಿಸಿಲ್ಲ ಮಾವಾ, ಇದ್ದದ್ದು ಇದ್ದಂಗೆ ಇಟ್ಟಿದ್ದೀವಿ" ಎಂದ. ಗುಂಡಿಯಲ್ಲಿ ಮಾರ್ದನಿ ಇರಬೇಕು. ಮಾರ್ದನಿಯೇ ಇರಬೇಕು.

ಹೆಸರು ತೆಗೆಯಿರಿ ಎಂದು ಡೈರೆಕ್ಟರನ್ನು ಬೇಡಿಕೊಂಡೆ. ಆಗುವುದಿಲ್ಲ ಎಂದರು. ಸಿನಿಮಾ ಚೆನ್ನಾಗಿ ಓಡುತ್ತಿದೆಯಂತೆ.

ಕೋರ್ಟಿನಲ್ಲಿ ನಿನ್ನ ಕೇಸಿನ ದಿನವೂ ನನ್ನ ಬಾಯಿ ಹೀಗೇ ಮಾಡಿತು. ಜಗಳದಲ್ಲಿ ನೀನು ತಳ್ಳಿದ್ದಷ್ಟೇ, ಎದುರಿಗಿದ್ದವನು ಕಲ್ಲಿನ ಮೇಲೆ ಬಿದ್ದು ಸತ್ತ. ವಕೀಲರು ನಿನ್ನ ಬಲ ಕೇಳಿದಾಗ, "ನಮ್ಮ ಹುಡುಗ ಒಂದು ಏಟು ಕೊಟ್ಟರೆ ಎತ್ತೂ ಏಳಲ್ಲ ಸ್ವಾಮಿ" ಎಂದೆ. ಜನ ನಕ್ಕರು. ಜಡ್ಜು ಬರೆದುಕೊಂಡರು. ನೀನು ಅದರ ಬಗ್ಗೆ ಇವತ್ತಿನ ತನಕ ಒಂದು ಮಾತು ಕೇಳಿಲ್ಲ.

ಪೆರೋಲ್ ಮೇಲೆ ಬಾ. ಅವಳ ಮುಂದೆ ನಿಲ್ಲು. ಮೈ ಮುಟ್ಟಿ ನೋಡಲಿ. ನನ್ನ ಮಾತು ನಂಬದಿದ್ದರೆ ಹೋಗಲಿ, ನಿನ್ನ ಮೈ ಬಿಸಿಯನ್ನು ನಂಬುತ್ತಾಳೆ.

ಚಿಕ್ಕೀರಪ್ಪ


ಬಳ್ಳಾರಿ
8 ಸೆಪ್ಟೆಂಬರ್ 2025

ಮಾವನಿಗೆ,

ಪೆರೋಲ್ ಆಯಿತು. ಹತ್ತು ದಿನ. 21ನೇ ತಾರೀಕು ಭಾನುವಾರ ಬೆಳಿಗ್ಗೆ ಬಿಡುತ್ತಾರೆ. ಮಧ್ಯಾಹ್ನ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಅವ್ವನಿಗೆ ಮೊದಲೇ ಹೇಳಬೇಡ. ನೀನು ಹೇಳಿದರೆ ನಂಬುವುದಿಲ್ಲ.

ಕೋರ್ಟಿನ ಮಾತು ಬಿಡು.

ಮಹಾಂತೇಶ


ರಾಂಪುರ
12 ಅಕ್ಟೋಬರ್ 2025

ಮಹಾಂತೇಶ,

ನೀನು ಅದೇ ದಿನ ಸಂಜೆ ಜೈಲಿಗೆ ವಾಪಸ್ ಹೋದೆ ಎಂದು ಅಲ್ಲಿಯ ಗುಮಾಸ್ತರು ಫೋನಿನಲ್ಲಿ ಹೇಳಿದರು. ಒಂಬತ್ತು ದಿನ ಉಳಿದಿರುವಾಗಲೇ ಬಂದು ಜೈಲಿನ ಬಾಗಿಲು ತಟ್ಟಿದವರನ್ನು ತಾವು ಇದುವರೆಗೆ ಕಂಡಿಲ್ಲವಂತೆ.

ಅವತ್ತು ಮನೆಯ ಬಾಗಿಲ ಒಳಗೆ ಕೂತಿದ್ದ ನಿನಗೆ ಹೊರಗೆ ನಡೆದದ್ದು ಗೊತ್ತಿಲ್ಲ. ಅದನ್ನು ಹೇಳಲೆಂದು ಬರೆಯುತ್ತಿದ್ದೇನೆ.

ತಪ್ಪು ನನ್ನದೇ. 21ನೇ ತಾರೀಕು ಭಾನುವಾರ ಎಂದು ಬರೆದಿದ್ದೆ ನೀನು. ನಾನು ಭಾನುವಾರ ಎಂದಷ್ಟೇ ಓದಿದೆ. ಅವತ್ತು ಮಹಾಲಯ ಅಮಾವಾಸ್ಯೆ ಎಂಬುದು ಕುರಿ ಎಣಿಸುವ ಈ ತಲೆಗೆ ಹೊಳೆಯಲಿಲ್ಲ. ಮನೆಯ ಹತ್ತಿರ ಬಂದಾಗ ಹಬ್ಬದ ವಾಸನೆ ಬಂತು, ಆಗ ಹೊಳೆಯಿತು. ನಿನ್ನ ತೋಳು ಹಿಡಿದು ನಿಲ್ಲಿಸಬೇಕೆನ್ನುವಷ್ಟರಲ್ಲಿ ನೀನು ಹೊಸ್ತಿಲ ಮುಂದಿದ್ದೆ. ಒಳಗೆ ಎಡೆ ಸಿದ್ಧವಾಗಿತ್ತು. ಬಾಳೆ ಎಲೆ, ಹೋಳಿಗೆ, ಎಣ್ಣೆಗಾಯಿ, ಶೇಂಗಾ ಉಂಡೆ. ಎಲೆಯ ಪಕ್ಕದಲ್ಲಿ ನೀನು ಮಾರ್ಕೆಟ್ಟಿನಲ್ಲಿ ಚೀಲ ಎಳೆಯುತ್ತಿದ್ದ ಕೊಕ್ಕೆ, ತೊಳೆದು ಕುಂಕುಮ ಹಚ್ಚಿದ್ದು.

ನೀನು "ಅವ್ವಾ" ಎಂದೆ. ಅವಳು ನಿನ್ನ ಮುಖ ನೋಡಲಿಲ್ಲ, ಪಾದ ನೋಡಿದಳು. "ಬಂದ್ಯೇನಪ್ಪಾ" ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ವರ್ಷದಿಂದ ಕೇಳಿರಲಿಲ್ಲ. ಬಗ್ಗಿ ನಿನ್ನ ಮುಂದೆ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಬಾಯಿ ತೆರೆದೆ. ನೀನು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದೆ. ಯಾಕೆ ಅಲ್ಲಾಡಿಸಿದೆ? ನಾನು ಮಾತಾಡಿದರೆ ಕೆಡುತ್ತದೆ ಎಂದಾ? ನೀನು ಹೋಗಿ ಎಲೆಯ ಮುಂದೆ ಕೂತೆ. ಅವಳು ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದು ಬಾಗಿಲು ಮುಂದಕ್ಕೆ ಹಾಕಿದಳು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದಲ್ಲ.

ಕಟ್ಟೆಯ ಮೇಲೆ ಕೂತೆವು.

"ಬಡವಾಗಿದಾನೆ" ಎಂದಳು.

"ಅಕ್ಕಾ, ಅವನು ಬದುಕಿದಾನೆ ಕಣೇ. ಬಾಗಿಲು ತೆಗಿ. ಪೆರೋಲ್ ಮೇಲೆ ಬಂದಿದಾನೆ."

"ಮೆಲ್ಲಗೆ ಮಾತಾಡು. ಉಣ್ತಾ ಅವ್ನೆ."

"ಮುಟ್ಟಿ ನೋಡು ಸಾಕು."

"ಮುಟ್ಟಿದ್ರೆ ನಿಲ್ತಾರಾ ಅವ್ರು?" ಎಂದು ನನಗೇ ಬುದ್ಧಿ ಹೇಳುವ ಹಾಗೆ ಹೇಳಿದಳು. ಆಮೇಲೆ, "ಜೈಲಾಗಿದ್ದಾಗ ಎಲ್ಲಿ ಬರ್ತಿದ್ದ? ಈಗ ಬಾಗ್ಲಿಗೆ ಬಂದ. ಇನ್ಮೇಲೆ ವರ್ಷಕ್ಕೊಂದ್ಸಲ ಬರ್ತಾನೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಿಸಿಲು ನೋಡುತ್ತಾ ಕೂತಳು. ಸುಖವಾಗಿದ್ದಳು, ಲೇ. ಅದನ್ನು ನೋಡಲಾಗಲಿಲ್ಲ.

ಹೊತ್ತು ಸಾಕಾಯಿತು ಎನಿಸಿದಾಗ, "ತಟ್ಟು" ಎಂದಳು. ಉಂಡವರು ಎದ್ದು ಹೋಗಲಿ ಎಂದು ಮೂರು ಸಲ ತಟ್ಟಿ ತೆಗೆಯಬೇಕು. ತಟ್ಟಿದೆ. ನಾನೇ ಮೊದಲು ಒಳಗೆ ಹೋದೆ. ಹಿತ್ತಿಲ ಬಾಗಿಲು ತೆರೆದಿತ್ತು. ನೀನಿರಲಿಲ್ಲ. ಕೊಕ್ಕೆ ಇದ್ದ ಜಾಗದಲ್ಲೇ ಇತ್ತು. ಎಲೆ ಮಡಚಿತ್ತು.

ಲೇ, ಎಡೆಯ ಎಲೆಯನ್ನು ಯಾರೂ ಮಡಚುವುದಿಲ್ಲ. ಉಂಡು ತೃಪ್ತಿಯಾದ ಮನುಷ್ಯ ಮಡಚುತ್ತಾನೆ, ತನ್ನ ಕಡೆಗೆ. ನಿನಗೆ ಚಿಕ್ಕಂದಿನಲ್ಲಿ ಅದನ್ನು ಕಲಿಸಿದವಳು ಅವಳೇ. "ಅಕ್ಕಾ, ಬಾ, ನೋಡು. ಎಲೆ ಮಡಚಿದಾನೆ. ಸತ್ತೋರು ಮಡಚ್ತಾರಾ ಹೇಳು" ಎಂದೆ.

ಬಂದಳು. ಎಲೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕೈ ಅದರ ಹತ್ತಿರ ಹೋಗಿ ನಿಂತಿತು. ಈಗ ತಿಳಿಯಿತು, ಈಗ ಹಿತ್ತಿಲ ಕಡೆ ಓಡುತ್ತಾಳೆ, ಬೀದಿಯ ಕೊನೆಯಲ್ಲಾದರೂ ನೀನು ಸಿಗುತ್ತೀಯ ಎಂದುಕೊಂಡೆ.

"ನೀನೇ ಮಡಚಿರ್ತೀಯ" ಎಂದಳು.

ಅಷ್ಟು ಹೇಳಿ ಎಲೆಯನ್ನು ಬಿಡಿಸಿದಳು. ಗೆರೆ ಬಿದ್ದ ಕಡೆ ಅಂಗೈಯಿಂದ ಸವರಿ ನೇರ ಮಾಡಿದಳು. ಉಳಿದ ಒಂದು ಚೂರು ಉಂಡೆಯನ್ನು ಕಾಗೆಗೆಂದು ಮಾಳಿಗೆಗೆ ತೆಗೆದುಕೊಂಡು ಹೋದಳು. ಆಮೇಲೆ ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಬಳ್ಳಾರಿ ಬಸ್ಸು ಹೋಗಿಯಾಗಿತ್ತು.

"ಎಲೆ ಮಡಚಿದ್ದು ನಾನೇ" ಎಂದು ನಿನ್ನ ಕೈಯಾರೆ ಒಂದು ಸಾಲು ಬರೆ, ಮಹಾಂತೇಶ. ಇಪ್ಪತ್ತು ದಿನದಿಂದ ಪೋಸ್ಟಿನವನ ದಾರಿ ಕಾಯುತ್ತಿದ್ದೇನೆ. ಕಾಗದ ಬಂದ ದಿನವೇ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋಗಿ ಅವಳ ಮುಂದೆ ಹಿಡಿಯುತ್ತೇನೆ.

ಅವಳಿಗೆ ಓದಲು ಬರುವುದಿಲ್ಲ. ಓದಿ ಹೇಳಬೇಕಾದವನು ನಾನೇ.

ಚಿಕ್ಕೀರಪ್ಪ